ಗದ್ದದ ಇಂಪ್ಲಾಂಟ್: ವರ್ಷಗಳು ಕಳೆದ ಮೇಲೆ ಏನಾಗುತ್ತದೆ, ತೆಗೆಸುವುದು ಹೇಗೆ? ಕಾಸರಗೋಡಿನ ಕನ್ನಡಿಗರಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ಗದ್ದ ಹಿಂದಕ್ಕೆ ಸರಿದಂತಿದೆ ಎಂದು ಇಂಪ್ಲಾಂಟ್ ಇರಿಸಿಕೊಂಡು ಈಗ ಐದೋ ಹತ್ತೋ ಇಪ್ಪತ್ತೋ ವರ್ಷ ಆಗಿರುವವರಿಗಾಗಿ ಈ ಪುಟ. ಮಂಗಳೂರಿನಲ್ಲಿ, ಕೊಚ್ಚಿಯಲ್ಲಿ, ಗಲ್ಫಿನಲ್ಲಿ, ಎಲ್ಲೇ ಮಾಡಿಸಿಕೊಂಡಿರಿ, ಊರಿಗೆ ಬಂದ ಮೇಲೆ ಸಂಶಯ ಬಂದಾಗ ಕೇಳಲು ಜನ ಸಿಗುವುದಿಲ್ಲ. ಎಲ್ಲದಕ್ಕಿಂತ ಮೊದಲು ಒಂದು ಮಾತು. ಇಂಪ್ಲಾಂಟನ್ನು ಹೊರಗೆ ತೆಗೆಯುವುದು ಹೆಚ್ಚಿನವರಲ್ಲಿ ಕಷ್ಟದ ಕೆಲಸವಲ್ಲ. ಅದರ ಸುತ್ತ ಇಷ್ಟು ವರ್ಷ ಒಗ್ಗಿಕೊಂಡ ಸ್ನಾಯು, ಚರ್ಮ ಮತ್ತು ಎಲುಬನ್ನು ಮತ್ತೆ ಸರಿ ಕೂರಿಸುವುದೇ ಕಷ್ಟ. ಆದ್ದರಿಂದ ಹೆದರಿ ಅವಸರದಲ್ಲಿ ತೆಗೆಸುವುದೂ ಸರಿಯಲ್ಲ, ತೆಗೆಯಬೇಕಾದಾಗ ಮುಂದೂಡುವುದೂ ಸರಿಯಲ್ಲ.

ನನ್ನ ಗದ್ದದೊಳಗೆ ಇರುವುದು ಯಾವ ವಸ್ತು? ಅದು ಗೊತ್ತಿರಲೇಬೇಕೇ?

ಗೊತ್ತಿರಬೇಕು. ಮುಂದಿನ ಪ್ರತಿಯೊಂದು ತೀರ್ಮಾನ ಅದರ ಮೇಲೆಯೇ ನಿಂತಿದೆ.

ಹೆಚ್ಚು ಬಳಕೆಯಲ್ಲಿರುವುದು ಗಟ್ಟಿ ಸಿಲಿಕೋನ್. ಇದು ರಬ್ಬರಿನ ತುಂಡಿನಂತೆ ಬಾಗುತ್ತದೆ, ಮೈ ನುಣುಪು. ದೇಹ ಇದನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ, ಸುತ್ತಲೂ ತೆಳುವಾದ ಪೊರೆಯೊಂದನ್ನು ಕಟ್ಟಿ ಬೇರೆ ಇಡುತ್ತದೆ. ಆ ಪೊರೆ ಕತ್ತರಿಸಿದರೆ ಹಲಸಿನ ತೊಳೆಯಿಂದ ಬೀಜ ಜಾರಿದ ಹಾಗೆ ಇಂಪ್ಲಾಂಟ್ ಹೊರಬರುತ್ತದೆ. ಎರಡನೆಯದು ರಂಧ್ರಗಳಿರುವ ಪಾಲಿಎಥಿಲೀನ್. ಮೆಡ್‌ಪೋರ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ. ಇದರ ಸೂಕ್ಷ್ಮ ರಂಧ್ರಗಳೊಳಗೆ ಮಾಂಸತಂತು ಮತ್ತು ರಕ್ತನಾಳಗಳು ಬೆಳೆದು ಹೆಣೆದುಕೊಳ್ಳುತ್ತವೆ. ಹಾಗಾಗಿ ಇದು ಜರುಗುವುದು ಕಡಿಮೆ, ಆದರೆ ತೆಗೆಯುವಾಗ ಸುತ್ತಲಿನ ಮಾಂಸದಿಂದ ಬಿಡಿಸಿ ಬಿಡಿಸಿ, ಕೆಲವೊಮ್ಮೆ ತುಂಡು ತುಂಡಾಗಿ ತೆಗೆಯಬೇಕು. ಗೋರ್-ಟೆಕ್ಸ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನದ್ದು ಈ ವಿಷಯದಲ್ಲಿ ಇವೆರಡರ ನಡುವೆ. ಹಳೆಯ ಕಾಲದ ಅಕ್ರಿಲಿಕ್ ತುಂಡುಗಳು, ಈಚೆಗೆ ಸಿಟಿ ಸ್ಕ್ಯಾನ್ ನೋಡಿ ಅಳತೆಗೆ ತಕ್ಕಂತೆ ಮಾಡುವ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು ಅಪರೂಪಕ್ಕೆ ಸಿಗುತ್ತವೆ.

ತಿಳಿಯುವ ನೇರ ದಾರಿ ಎಂದರೆ ಶಸ್ತ್ರಕ್ರಿಯೆಯ ಟಿಪ್ಪಣಿ ಮತ್ತು ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರ್. ಸ್ಟಿಕ್ಕರಿನಲ್ಲಿ ತಯಾರಕರು, ಮಾದರಿ, ಅಳತೆ, ಲಾಟ್ ನಂಬರ್ ಇರುತ್ತವೆ. ಅದು ನಿಮ್ಮ ಫೈಲಿನಲ್ಲಿ ಅಂಟಿಸಿರಬೇಕು. ಕಾಗದ ಕಳೆದಿದ್ದರೆ ಎಕ್ಸ್-ರೇಯಿಂದ ಅಂದಾಜು ಮಾಡಬಹುದು: ಸಿಲಿಕೋನ್ ಮಬ್ಬು ನೆರಳಾಗಿ ಕಾಣುತ್ತದೆ. ಮೆಡ್‌ಪೋರ್ ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಅದನ್ನು ಹಿಡಿದಿಟ್ಟ ಟೈಟಾನಿಯಂ ಸ್ಕ್ರೂ ಮಾತ್ರ ಬಿಳಿ ಚುಕ್ಕೆಯಾಗಿ ಕಾಣುತ್ತದೆ.

ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕೇ? ಒಳಗೆ ಒಡೆದು ಸೋರುವ ಭಯ ಉಂಟೇ?

ಇಲ್ಲ. ಗದ್ದದ ಸಿಲಿಕೋನ್ ಇಂಪ್ಲಾಂಟ್ ಇಡಿಯಾಗಿ ಗಟ್ಟಿ ತುಂಡು, ಒಳಗೆ ಜೆಲ್ ಇಲ್ಲ. ಸ್ತನದ ಇಂಪ್ಲಾಂಟ್ ಬಗ್ಗೆ ಓದಿದ ಸುದ್ದಿಯನ್ನು ಇದಕ್ಕೆ ಹೊಂದಿಸಬೇಡಿ. ತೊಂದರೆ ಕೊಡದೆ ದಶಕಗಳ ಕಾಲ ಕುಳಿತಿರುವ ಇಂಪ್ಲಾಂಟುಗಳು ಬೇಕಾದಷ್ಟಿವೆ, ತಾರೀಕು ನೋಡಿ ತೆಗೆಸುವ ಕ್ರಮ ಇಲ್ಲ. ಎಂಆರ್‌ಐ ಮಾಡಿಸಲು ಸಿಲಿಕೋನ್, ಪಾಲಿಎಥಿಲೀನ್, ಟೈಟಾನಿಯಂ ಸ್ಕ್ರೂ ಯಾವುದೂ ಅಡ್ಡಿಯಲ್ಲ. ಆದರೂ ಸ್ಕ್ಯಾನ್ ಕೋಣೆಯವರಿಗೆ ಮೊದಲೇ ಹೇಳಿ.

ಇಂಪ್ಲಾಂಟಿನ ಕೆಳಗೆ ಎಲುಬು ಕರಗುತ್ತದಂತೆ. ನಿಜವೇ?

ನಿಜ. ಗದ್ದದ ಇಂಪ್ಲಾಂಟಿನ ಅಡಿಯಲ್ಲಿ ಎಲುಬು ಸವೆಯುವುದನ್ನು ವೈದ್ಯರು 1969ರಲ್ಲೇ ವರದಿ ಮಾಡಿದ್ದಾರೆ. ಇದು ಅಪರೂಪವೂ ಅಲ್ಲ, ಹೆಚ್ಚಿನವರಲ್ಲಿ ಅಪಾಯವೂ ಅಲ್ಲ. ಎರಡನ್ನೂ ಒಟ್ಟಿಗೆ ತಿಳಿದುಕೊಳ್ಳಬೇಕು.

ಕಾರಣ ಒತ್ತಡ. ಕೆಳತುಟಿಯನ್ನು ಮೇಲೆತ್ತುವ ಮೆಂಟಾಲಿಸ್ ಎಂಬ ಸಣ್ಣ ಸ್ನಾಯು ಇಂಪ್ಲಾಂಟಿನ ಮುಂದೆ ಇದೆ. ಬಾಯಿ ಮುಚ್ಚುವಾಗ, ನುಂಗುವಾಗ, ಮಾತನಾಡುವಾಗ ಅದು ಇಂಪ್ಲಾಂಟನ್ನು ಹಿಂದಕ್ಕೆ ಅದುಮುತ್ತದೆ. ಗಟ್ಟಿ ವಸ್ತು ಒಂದೇ ಕಡೆ ಒತ್ತಿದರೆ ಎಲುಬು ಆ ಜಾಗದಲ್ಲಿ ಹಿಂದೆ ಸರಿದು ಸಣ್ಣ ಹಳ್ಳವಾಗುತ್ತದೆ. ಬಾಯಿ ಮುಚ್ಚಲು ಗದ್ದ ಬಿಗಿಯಬೇಕಾದವರಲ್ಲಿ (ಗದ್ದದ ಮೇಲೆ ಕಿತ್ತಳೆ ಸಿಪ್ಪೆಯಂತೆ ಗುಳಿ ಬೀಳುತ್ತದೆ ನೋಡಿ, ಅಂಥವರಲ್ಲಿ) ಇದು ಹೆಚ್ಚು. ಸಾಮಾನ್ಯವಾಗಿ ಸವೆತ ಮೊದಲ ವರ್ಷದೊಳಗೆ ನಡೆದು, ಒಂದೆರಡು ಮಿಲಿಮೀಟರಿಗೆ ನಿಂತುಬಿಡುತ್ತದೆ. 6 ಮಿ.ಮೀ. ಮುಂದೆ ಬಂದಿದ್ದ ಗದ್ದ 4 ಮಿ.ಮೀ.ಗೆ ಇಳಿದದ್ದು ಕನ್ನಡಿಯಲ್ಲಿ ಗೊತ್ತೂ ಆಗುವುದಿಲ್ಲ.

ಇಂಪ್ಲಾಂಟ್ ಎಲ್ಲಿ ಕುಳಿತಿದೆ ಎಂಬುದೇ ಇಲ್ಲಿ ಮುಖ್ಯ. ಗದ್ದದ ತುದಿಯ ಎಲುಬು ದಪ್ಪ, ಗಟ್ಟಿ. ಅದರ ಮೇಲೆ ಕುಳಿತರೆ ಸವೆತ ನಿಧಾನ. ಬಾಯಿಯೊಳಗಿನಿಂದ ಇಟ್ಟ ಇಂಪ್ಲಾಂಟ್ ಕೆಲವೊಮ್ಮೆ ಮೇಲಕ್ಕೆ, ಹಲ್ಲಿನ ಬೇರುಗಳ ಮಟ್ಟಕ್ಕೆ ಜರುಗಿ ಕೂರುತ್ತದೆ. ಅಲ್ಲಿನ ಎಲುಬು ತೆಳು. ಹಳ್ಳ ಆಳವಾಗುತ್ತಾ ಹೋದರೆ ಕೆಳಗಿನ ಮುಂದಿನ ನಾಲ್ಕು ಹಲ್ಲುಗಳ ಬೇರು ತಾಗುತ್ತದೆ. ಮೊದಲು ತಣ್ಣೀರಿಗೆ ಜುಂ ಎನ್ನುತ್ತದೆ, ಕಚ್ಚುವಾಗ ನೋವು, ಕೊನೆಗೆ ಹಲ್ಲಿನ ನರ ಸತ್ತು ಹಲ್ಲು ಬೂದು ಬಣ್ಣಕ್ಕೆ ತಿರುಗಬಹುದು. ಹುಳುಕು ಇಲ್ಲದ ಮುಂದಿನ ಹಲ್ಲು ಹೀಗಾಗಿದ್ದರೆ ದಂತವೈದ್ಯರಿಗೆ ಇಂಪ್ಲಾಂಟಿನ ವಿಷಯ ಹೇಳಲೇಬೇಕು. ಇಲ್ಲದಿದ್ದರೆ ರೂಟ್ ಕೆನಾಲ್ ಮುಗಿಯುತ್ತದೆ, ಕಾರಣ ಒಳಗೇ ಉಳಿಯುತ್ತದೆ.

ಯಾವ ಎಕ್ಸ್-ರೇ ಮಾಡಿಸಬೇಕು? ಎಷ್ಟು ಸಲ?

ಎಲ್ಲ ಹಲ್ಲು ಒಟ್ಟಿಗೆ ಕಾಣುವ ಓಪಿಜಿ ಎಲ್ಲ ಕಡೆ ಸಿಗುತ್ತದೆ. ಆದರೆ ಗದ್ದದ ಮುಂಭಾಗದ ಹಳ್ಳ ಅದರಲ್ಲಿ ಚೆನ್ನಾಗಿ ತಿಳಿಯುವುದಿಲ್ಲ. ಬೇಕಾದದ್ದು ಪಕ್ಕದಿಂದ ತೆಗೆಯುವ ಲ್ಯಾಟರಲ್ ಸೆಫಲೋಗ್ರಾಮ್, ಅಂದರೆ ಹಲ್ಲಿಗೆ ಕ್ಲಿಪ್ ಹಾಕುವವರು ತೆಗೆಸುವ "ಸೆಫ್". ಅದರಲ್ಲಿ ಇಂಪ್ಲಾಂಟಿನ ನೆರಳು ಎಲುಬಿನ ಗೆರೆಯ ಮುಂದೆ ಕುಳಿತಿದೆಯೋ, ಒಳಗೆ ಹುಗಿದಿದೆಯೋ ನೇರ ಕಾಣುತ್ತದೆ. ಸಂಶಯ ಉಳಿದರೆ ಅಥವಾ ತೆಗೆಸಲು ತೀರ್ಮಾನಿಸಿದ್ದರೆ ಸಿಬಿಸಿಟಿ ಎಂಬ ದಂತ ಸಿಟಿ. ಮಂಗಳೂರಿನ ದಂತ ಕಾಲೇಜುಗಳಲ್ಲಿ ಈ ಸೌಲಭ್ಯ ಇದೆ.

ತೊಂದರೆ ಇಲ್ಲದವರು ಪ್ರತಿ ವರ್ಷ ವಿಕಿರಣಕ್ಕೆ ಒಡ್ಡಿಕೊಳ್ಳಬೇಕಾಗಿಲ್ಲ. ಹಾಕಿಸಿದ ಹೊಸತರಲ್ಲಿ ಒಂದು, ಒಂದು ವರ್ಷದ ನಂತರ ಒಂದು, ಆಮೇಲೆ ಹಲ್ಲಿನ ಬೇರೆ ಕೆಲಸಕ್ಕೆ ತೆಗೆಸಿದಾಗ ಹೋಲಿಕೆ, ಇಷ್ಟು ಸಾಕು. ಫಿಲ್ಮ್ ಮಾತ್ರ ಎಸೆಯಬೇಡಿ. ಒಂದೇ ಎಕ್ಸ್-ರೇ ಹೇಳದ್ದನ್ನು ಐದು ವರ್ಷ ಅಂತರದ ಎರಡು ಎಕ್ಸ್-ರೇ ಹೇಳುತ್ತವೆ.

ತುಟಿ, ಗದ್ದ ಜೋಮು ಹಿಡಿದಂತೆ ಇರುತ್ತದೆ. ರಿಪೋರ್ಟಿನಲ್ಲಿ "ಮೆಂಟಲ್ ನರ" ಎಂದು ಬರೆದಿದ್ದಾರೆ, ಅದೇನು?

ಮನಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಮೆಂಟಮ್ ಎಂದರೆ ಗದ್ದ, ಅದರಿಂದ ಬಂದ ಹೆಸರು. ಕೆಳದವಡೆಯ ಎರಡೂ ಬದಿಯಲ್ಲಿ, ಕೋರೆಹಲ್ಲಿನ ಹಿಂದಿನ ಎರಡು ಚಿಕ್ಕ ದವಡೆಹಲ್ಲುಗಳ ಕೆಳಗೆ ಎಲುಬಿನಲ್ಲಿ ಒಂದೊಂದು ಸಣ್ಣ ತೂತು ಇದೆ. ಅಲ್ಲಿಂದ ಈ ನರ ಹೊರಬಂದು ಕೆಳತುಟಿ, ಗದ್ದ ಮತ್ತು ಮುಂದಿನ ಒಸಡಿಗೆ ಸ್ಪರ್ಶ ಕೊಡುತ್ತದೆ. ಇಂಪ್ಲಾಂಟಿನ ರೆಕ್ಕೆಗಳು, ಅಂದರೆ ಎರಡೂ ಬದಿಗೆ ಚಾಚಿದ ತೆಳು ತುದಿಗಳು, ಈ ತೂತಿನ ಕೆಳಗೆ ಹಾದುಹೋಗಬೇಕು. ಮೇಲಕ್ಕೆ ಜರುಗಿದರೆ ನರವನ್ನು ಒತ್ತುತ್ತವೆ.

ಶಸ್ತ್ರಕ್ರಿಯೆ ಆದ ಕೂಡಲೇ ಬರುವ ಜೋಮು ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಆರು ತಿಂಗಳೊಳಗೆ ಇಳಿಯುತ್ತದೆ. ಇಳಿಯುವಾಗ ಇರುವೆ ಹರಿದಾಡಿದಂತೆ, ಸೂಜಿ ಚುಚ್ಚಿದಂತೆ ಆಗುವುದು ಒಳ್ಳೆಯ ಲಕ್ಷಣ. ಒಂದು ವರ್ಷದ ನಂತರವೂ ಉಳಿದದ್ದು ಪೂರ್ತಿ ಹೋಗುವ ಸಾಧ್ಯತೆ ಕಡಿಮೆ. ಲೆಕ್ಕ ಇಡಲು ಸುಲಭ ಉಪಾಯ ಉಂಟು: ಕಣ್ಣು ಮುಚ್ಚಿ ಹತ್ತಿಯ ಎಳೆಯಿಂದ ತುಟಿಯ ಮೂಲೆಯಿಂದ ಗದ್ದದ ನಡುವಿಗೆ ಸವರಿಸಿಕೊಳ್ಳಿ. ಸ್ಪರ್ಶ ತಪ್ಪಿದ ಗಡಿಯನ್ನು ಕಣ್ಣಿನ ಕಾಡಿಗೆ ಪೆನ್ಸಿಲಿನಲ್ಲಿ ಗುರುತಿಸಿ ಫೋಟೋ ತೆಗೆದಿಡಿ. ತಿಂಗಳಿಗೊಮ್ಮೆ ಮಾಡಿದರೆ ಗಡಿ ಕುಗ್ಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. "ಸ್ವಲ್ಪ ಕಡಿಮೆ ಇರಬೇಕು" ಎನ್ನುವುದಕ್ಕಿಂತ ಆ ಚಿತ್ರ ವೈದ್ಯರಿಗೆ ನೂರು ಪಾಲು ಉಪಯೋಗ.

ವರ್ಷಗಟ್ಟಲೆ ಸರಿಯಿದ್ದು, ಈಗ ಹೊಸದಾಗಿ ಜೋಮು ಬಂದರೆ ಬೇಗ ತೋರಿಸಿ. ಇಂಪ್ಲಾಂಟ್ ಜರುಗಿರಬಹುದು, ಸೋಂಕಿರಬಹುದು. ಇಂಪ್ಲಾಂಟ್ ನೆಟ್ಟಗೆ ಇದ್ದರೂ ಬಿಡಬೇಡಿ. ಕಾರಣವಿಲ್ಲದೆ ಗದ್ದ ಮರಗಟ್ಟುವುದು ಅಪರೂಪಕ್ಕೆ ದೇಹದ ಬೇರೆ ಕಡೆಯ ಕ್ಯಾನ್ಸರ್ ದವಡೆಗೆ ಹಬ್ಬಿದ್ದರ ಮೊದಲ ಸೂಚನೆಯೂ ಆಗಿರುತ್ತದೆ. ಎಲ್ಲವನ್ನೂ ಇಂಪ್ಲಾಂಟಿನ ತಲೆಗೆ ಕಟ್ಟಿ ಸುಮ್ಮನಿರುವುದು ದೊಡ್ಡ ತಪ್ಪು.

ಇಷ್ಟು ವರ್ಷ ಆದ ಮೇಲೂ ಸೋಂಕು ಬರುತ್ತದೆಯೇ?

ಬರಬಹುದು. ಕೆಳಗಿನ ಮುಂದಿನ ಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟಿದರೆ ಅದು ಇಳಿಯುವ ಜಾಗ ಇಂಪ್ಲಾಂಟಿನ ಪೊರೆಯೇ. ಇಂಪ್ಲಾಂಟಿನ ಮೇಲೆ ಕುಳಿತ ಬ್ಯಾಕ್ಟೀರಿಯಾ ಲೋಳೆಪದರ ಕಟ್ಟಿಕೊಂಡು ಅಡಗಿರುತ್ತದೆ. ಮಾತ್ರೆ ತಿಂದಾಗ ಬಾವು ಇಳಿಯುತ್ತದೆ, ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಏರುತ್ತದೆ. ಹೀಗೆ ಎರಡು ಸಲ ಆಯಿತೆಂದರೆ ಮೂರನೆಯ ಸಲ ಆ್ಯಂಟಿಬಯಾಟಿಕ್ ಬದಲಿಸುವುದಲ್ಲ, ಇಂಪ್ಲಾಂಟ್ ತೆಗೆಯುವುದೇ ದಾರಿ. ಔಷಧದಂಗಡಿಯಿಂದ ಹಳೆಯ ಚೀಟಿ ತೋರಿಸಿ ಮಾತ್ರೆ ತಂದು ಕಾಲ ತಳ್ಳುವವರು ಬಹಳ. ಅಷ್ಟರಲ್ಲಿ ಕೀವು ಚರ್ಮ ತೂತು ಮಾಡಿ ಹೊರಬಂದರೆ ಆ ಗುಳಿಕಲೆ ಜೀವಮಾನಕ್ಕೆ ಉಳಿಯುತ್ತದೆ.

ಇನ್ನೊಂದು ದಾರಿ ಸೂಜಿ. ಇಂಪ್ಲಾಂಟಿನ ಅಂಚು ಮರೆಮಾಡಲು ಅದರ ಮೇಲೆ ಫಿಲ್ಲರ್ (ಚರ್ಮದಡಿ ತುಂಬುವ ಜೆಲ್) ಚುಚ್ಚಿಸುವಾಗ ಸೂಜಿ ಪೊರೆ ದಾಟಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ನೇರ ಒಳಗೆ. ಇಂಪ್ಲಾಂಟ್ ಇದೆ ಎಂದು ಹೇಳದೆ ಎಲ್ಲಿಯೂ ಗದ್ದಕ್ಕೆ ಚುಚ್ಚಿಸಿಕೊಳ್ಳಬೇಡಿ.

ಗದ್ದದ ಅಡಿ ಮತ್ತು ನಾಲಿಗೆಯ ಕೆಳಗೆ ಗಟ್ಟಿ ಬಾವು, ನಾಲಿಗೆ ಮೇಲಕ್ಕೆ ತಳ್ಳಿದಂತಾಗುವುದು, ಎಂಜಲು ನುಂಗಲಾಗದೆ ಸೋರುವುದು, ಉಸಿರಿಗೆ ತಡೆ, ಜ್ವರ: ಇವು ಕಂಡರೆ ಬೆಳಗಾಗಲೆಂದು ಕಾಯಬಾರದು. ಶ್ವಾಸದ ದಾರಿ ಗಂಟೆಗಳಲ್ಲೇ ಮುಚ್ಚಬಹುದು. 108ಕ್ಕೆ ಕರೆ ಮಾಡಿ, ಅರಿವಳಿಕೆ ತಜ್ಞರಿರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಇಂಪ್ಲಾಂಟ್ ಹಾಕಿದ ವೈದ್ಯರನ್ನೇ ಹುಡುಕಿಕೊಂಡು ಗಡಿ ದಾಟುವ ಹೊತ್ತು ಅದಲ್ಲ.

ಹಲ್ಲು ಕೀಳಿಸಬಹುದೇ? ಹಲ್ಲುಸೆಟ್ಟು ಇಡಿಸಬಹುದೇ?

ಎಲ್ಲ ಆಗುತ್ತದೆ, ಹೇಳಿಯೇ ಮಾಡಿಸಬೇಕು ಅಷ್ಟೆ. ಕೆಳಗಿನ ಮುಂದಿನ ಹಲ್ಲಿನಲ್ಲಿ ಕೀವಿದ್ದರೆ ಅದನ್ನು ತುರ್ತೆಂದು ಎಣಿಸಿ. ವಯಸ್ಸಾದ ಮೇಲೆ ಹಲ್ಲು ಹೋಗಿ ಒಸಡಿನ ಎಲುಬು ತಗ್ಗಿದಾಗ ಕೆಳಗಿನ ಸೆಟ್ಟಿನ ಮುಂಭಾಗದ ಅಂಚು ಇಂಪ್ಲಾಂಟಿನ ಮೇಲಂಚಿಗೆ ಉಜ್ಜುತ್ತದೆ. ಅಲ್ಲಿ ಹುಣ್ಣಾಗಿ ತೆರೆದುಕೊಂಡರೆ ಇಂಪ್ಲಾಂಟ್ ಬಾಯಿಗೆ ಇಣುಕುತ್ತದೆ. ಸೆಟ್ಟಿನ ಅಂಚು ತಗ್ಗಿಸಿದರೆ ಸಾಕಾಗುತ್ತದೆ, ಆದರೆ ಹುಣ್ಣಾಗುವ ಮೊದಲೇ.

ಎಲೆ ಅಡಿಕೆ ಹಾಕುವ ಅಭ್ಯಾಸ ಉಂಟು. ಅದಕ್ಕೂ ಇದಕ್ಕೂ ಏನು?

ನಮ್ಮದು ಅಡಿಕೆಯ ಊರು, ಆದ್ದರಿಂದ ಈ ಪ್ರಶ್ನೆಗೆ ಮುಚ್ಚುಮರೆ ಇಲ್ಲದ ಉತ್ತರ ಬೇಕು. ಅಡಿಕೆ ಜಗಿಯುವುದರಿಂದ ಬಾಯಿಯ ಒಳಚರ್ಮ ಬಿಗಿದು ನಾರಾಗುವ ಕಾಯಿಲೆ ಇದೆ, ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡಕ್ಕೇ ನಿಂತರೆ ವೈದ್ಯರಿಗೆ ಹೇಳಿ. ಪೂರ್ಣ ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಇಳಿಸುವುದು ಕಷ್ಟವಾಗುತ್ತದೆ, ಮೊದಲೇ ಗೊತ್ತಿದ್ದರೆ ಬೇರೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ಬಾಯಿಯೊಳಗಿನ ಗಾಯವೂ ಅಂಥ ಚರ್ಮದಲ್ಲಿ ಮಾಗುವುದು ನಿಧಾನ. ಹೊಗೆಸೊಪ್ಪು, ಬೀಡಿ, ಸಿಗರೇಟು ಸೇರಿದ್ದರೆ ಇನ್ನೂ ಕೆಟ್ಟದು. ಶಸ್ತ್ರಕ್ರಿಯೆಗೆ ನಾಲ್ಕು ವಾರ ಮೊದಲು ಮತ್ತು ನಾಲ್ಕು ವಾರ ನಂತರ ಪೂರ್ತಿ ನಿಲ್ಲಿಸಿ.

ಇಂಪ್ಲಾಂಟ್ ಒಂದು ಬದಿಗೆ ಜರುಗಿದಂತಿದೆ. ಅಂಚು ಬೆರಳಿಗೆ ಸಿಗುತ್ತದೆ.

ಅಂಚು ಬೆರಳಿಗೆ ಸಿಗುವುದು ಮತ್ತು ಕಣ್ಣಿಗೆ ಕಾಣುವುದು ಬೇರೆ ಬೇರೆ. ವಯಸ್ಸಾದಂತೆ ಗದ್ದದ ಮಾಂಸ ತೆಳುವಾಗುತ್ತದೆ, ಮೊದಲು ಮುಚ್ಚಿಹೋಗಿದ್ದ ಅಂಚು ಆಗ ಸಿಗುತ್ತದೆ. ಅದೊಂದೇ ಕಾರಣಕ್ಕೆ ಏನೂ ಮಾಡಬೇಕಾಗಿಲ್ಲ. ಬೆರಳಿನಿಂದ ತಳ್ಳಿದಾಗ ಇಡೀ ತುಂಡು ಅತ್ತಿತ್ತ ಓಡಿದರೆ ಒಳಗಿನ ಜಾಗ ಅಗಲವಾಗಿದೆ ಎಂದರ್ಥ, ಅಂಥದ್ದರಲ್ಲಿ ಎಲುಬು ಸವೆತವೂ ಹೆಚ್ಚು. ಪದೇ ಪದೇ ತಳ್ಳಿ ನೋಡುವ ಅಭ್ಯಾಸ ಬಿಡಿ.

ಬೈಕಿನಿಂದ ಬಿದ್ದು ಗದ್ದಕ್ಕೆ ಏಟಾದರೆ ನೋವು ಕಡಿಮೆ ಇದ್ದರೂ ಎಕ್ಸ್-ರೇ ಬೇಕು. ಇಂಪ್ಲಾಂಟ್ ತಿರುಗಿರಬಹುದು, ಜೊತೆಗೆ ಕಿವಿಯ ಮುಂದಿನ ದವಡೆಕೀಲಿನ ಎಲುಬು ಮುರಿದಿರಬಹುದು. ಗದ್ದದ ಏಟು ಕೀಲಿಗೆ ಹೋಗಿ ಮುಟ್ಟುವುದು ಸಾಮಾನ್ಯ.

ಹಾಗಾದರೆ ತೆಗೆಸಲೇಬೇಕಾದದ್ದು ಯಾವಾಗ?

ಮತ್ತೆ ಮತ್ತೆ ಬರುವ ಸೋಂಕು, ಚರ್ಮ ಅಥವಾ ಒಸಡಿನಿಂದ ಹೊರಗೆ ಇಣುಕುವ ಇಂಪ್ಲಾಂಟ್, ಹಲ್ಲಿನ ಬೇರಿನ ಹತ್ತಿರ ತಲುಪಿದ ಸವೆತ, ಇಂಪ್ಲಾಂಟ್ ಒತ್ತಿ ಬಂದ ಜೋಮು. ಇವುಗಳಲ್ಲಿ ಮುಂದೂಡಬಾರದು. ಆಕಾರ ಹಿಡಿಸುವುದಿಲ್ಲ, ಗದ್ದ ತುಂಬ ದೊಡ್ಡದಾಯಿತು ಎನ್ನುವುದೂ ನ್ಯಾಯವಾದ ಕಾರಣವೇ, ಆದರೆ ತುರ್ತಿಲ್ಲ. ತೆಗೆದ ನಂತರದ ಗದ್ದ ಹೇಗಿರುತ್ತದೆ ಎಂದು ಅರ್ಥ ಮಾಡಿಕೊಂಡು, ಇಬ್ಬರು ವೈದ್ಯರ ಮಾತು ಕೇಳಿ ತೀರ್ಮಾನಿಸಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರು ಒಬ್ಬರು, ಬಾಯಿ-ಮುಖ-ದವಡೆಯ ಶಸ್ತ್ರಕ್ರಿಯೆಯಲ್ಲಿ ಎಂಡಿಎಸ್ ಮಾಡಿದವರು ಒಬ್ಬರು. ಮೊದಲಿನವರು ಚರ್ಮ, ಮಾಂಸದ ಕಡೆಯಿಂದ ನೋಡುತ್ತಾರೆ, ಎರಡನೆಯವರು ಎಲುಬು, ಹಲ್ಲಿನ ಕಡೆಯಿಂದ. ನಿಮಗೆ ಎರಡೂ ಬೇಕು.

ತೆಗೆಯುವ ಶಸ್ತ್ರಕ್ರಿಯೆ ಹೇಗೆ ನಡೆಯುತ್ತದೆ?

ಸಾಮಾನ್ಯವಾಗಿ ಹಳೆಯ ಗಾಯದ ದಾರಿಯಲ್ಲೇ ಹೋಗುತ್ತಾರೆ: ಗದ್ದದ ಅಡಿಯ ಮಡಿಕೆಯಲ್ಲಿ 2ರಿಂದ 3 ಸೆಂ.ಮೀ. ಗಾಯ, ಇಲ್ಲವೇ ಕೆಳತುಟಿ ಮತ್ತು ಒಸಡಿನ ನಡುವಿನ ಸಂದಿಯಲ್ಲಿ. ಸಿಲಿಕೋನ್ ಆದರೆ ಸ್ಥಳೀಯ ಅರಿವಳಿಕೆಯ ಜೊತೆ ಮಂಪರು ಬರುವ ಮದ್ದು ಕೊಟ್ಟು ಅರ್ಧದಿಂದ ಒಂದು ಗಂಟೆಯೊಳಗೆ ಮುಗಿಸಬಹುದು. ಮೆಡ್‌ಪೋರ್ ಆದರೆ, ಅಥವಾ ಜೊತೆಗೆ ಎಲುಬಿನ ಕೆಲಸ ಇದ್ದರೆ ಪೂರ್ಣ ಅರಿವಳಿಕೆ.

ಪೊರೆ ಕತ್ತರಿಸಿ, ಸ್ಕ್ರೂ ಇದ್ದರೆ ಬಿಚ್ಚಿ, ಎರಡೂ ಬದಿಯ ರೆಕ್ಕೆಗಳನ್ನು ನರಕ್ಕೆ ತಾಗದಂತೆ ಬಿಡಿಸಿ ಎಳೆಯುತ್ತಾರೆ. ಅಂಚಿನ ಮೇಲೆ ಎಲುಬು ಬೆಳೆದಿದ್ದರೆ ಅದನ್ನು ಕೆತ್ತಬೇಕಾಗುತ್ತದೆ. ಸೋಂಕಿದ್ದರೆ ಕೀವನ್ನು ಕಲ್ಚರಿಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವ ಪರೀಕ್ಷೆಗೆ, ಕಳುಹಿಸಿ, ಜಾಗವನ್ನು ಸಲೈನಿನಿಂದ ತೊಳೆಯುತ್ತಾರೆ. ಪೊರೆ ತೆಳುವಾಗಿದ್ದರೆ ಅದನ್ನು ಅಲ್ಲೇ ಬಿಡುವುದು ರೂಢಿ. ದಪ್ಪವಾಗಿದ್ದರೆ, ಸುಣ್ಣಗಟ್ಟಿದ್ದರೆ ಅಥವಾ ಸೋಂಕು ತುಂಬಿದ್ದರೆ ತೆಗೆಯುತ್ತಾರೆ.

ಇಷ್ಟಕ್ಕೆ ಗಾಯ ಹೊಲಿದುಬಿಟ್ಟರೆ ಕೆಲಸ ಅರ್ಧ ಮಾತ್ರ. ಮೆಂಟಾಲಿಸ್ ಸ್ನಾಯುವನ್ನು ಎತ್ತಿ, ಅದು ಇರಬೇಕಾದ ಎತ್ತರದಲ್ಲಿ ಎಲುಬಿನ ಮೇಲ್ಪೊರೆಗೆ, ಬೇಕಾದರೆ ಎಲುಬಿನಲ್ಲಿ ಕೊರೆದ ಸಣ್ಣ ತೂತಿಗೆ ಹೊಲಿದು ನಿಲ್ಲಿಸಬೇಕು. ವೈದ್ಯರನ್ನು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನೇ ಕೇಳಿ: "ಸ್ನಾಯುವನ್ನು ಮತ್ತೆ ಎತ್ತಿ ಹೊಲಿಯುತ್ತೀರಾ, ಹೇಗೆ?" ಉತ್ತರ ತೇಲಿಸಿದರೆ ಬೇರೆಯವರನ್ನು ನೋಡಿ.

ತೆಗೆದ ಮೇಲೆ ಗದ್ದ ಮೊದಲಿನಂತೆ ಆಗುತ್ತದೆಯೇ?

ತದ್ವತ್ ಆಗುವುದಿಲ್ಲ. ಎಷ್ಟು ಹತ್ತಿರ ಬರುತ್ತದೆ ಎಂಬುದು ಇಂಪ್ಲಾಂಟಿನ ಗಾತ್ರ, ಎಷ್ಟು ವರ್ಷ ಇತ್ತು, ನಿಮ್ಮ ವಯಸ್ಸು, ಚರ್ಮದ ಬಿಗಿ ಇವನ್ನು ಹೊಂದಿಕೊಂಡಿದೆ. ಚಿಕ್ಕ ಇಂಪ್ಲಾಂಟ್, ಒಂದೆರಡು ವರ್ಷ, ಎಳೆಯ ಚರ್ಮ ಆದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. 8-10 ಮಿ.ಮೀ. ಮುಂದೆ ತಂದಿದ್ದ ದೊಡ್ಡ ಇಂಪ್ಲಾಂಟ್ ಹದಿನೈದು ವರ್ಷ ಇದ್ದರೆ ಒಳಗಿನ ಆಧಾರ ಹೋದಾಗ ಹಿಗ್ಗಿದ ಮಾಂಸ ಕೆಳಕ್ಕೆ ಜೋಲುತ್ತದೆ. ಗದ್ದದ ತುದಿ ಎಲುಬಿನಿಂದ ಕೆಳಗೆ ಇಳಿದು, ಅದರ ಹಿಂದೆ ಆಳವಾದ ಮಡಿಕೆ ಬೀಳುತ್ತದೆ. ಸ್ನಾಯು ಸರಿಯಾಗಿ ನಿಲ್ಲದಿದ್ದರೆ ಕೆಳತುಟಿಯೂ ಇಳಿದು, ಸುಮ್ಮನಿದ್ದಾಗಲೂ ಕೆಳಗಿನ ಹಲ್ಲುಗಳು ಕಾಣುತ್ತವೆ, ತುಟಿ ಮುಚ್ಚಲು ಶ್ರಮ ಪಡಬೇಕಾಗುತ್ತದೆ. ಖಾಲಿ ಜಾಗದಲ್ಲಿ ಕಲೆಮಾಂಸ ಅಡ್ಡಾದಿಡ್ಡಿ ಬೆಳೆದರೆ ನಗುವಾಗ ಗುಳಿ ಬೀಳುತ್ತದೆ.

ಎಲುಬಿನ ಹಳ್ಳ ಕೆಲವರಲ್ಲಿ ಭಾಗಶಃ ತುಂಬಿಕೊಳ್ಳುತ್ತದೆ. ಪೂರ್ತಿ ತುಂಬುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಅವಸರದ ತೀರ್ಪು ಮಾತ್ರ ಬೇಡ. ಮೊದಲ ಎರಡು ವಾರ ಕಾಣುವುದು ಬಾವು. ಆರು ವಾರಕ್ಕೆ ಕಾಣುವುದು ಕಲೆಮಾಂಸದ ಗಟ್ಟಿತನ. ಆರು ತಿಂಗಳ ನಂತರವೇ ನಿಜವಾದ ಆಕಾರ, ಪೂರ್ತಿ ಮೆತ್ತಗಾಗಲು ಒಂದು ವರ್ಷ. ಮೂರನೆಯ ವಾರ ಕನ್ನಡಿ ನೋಡಿ ಕಣ್ಣೀರಿಟ್ಟು, ಇನ್ನೊಂದು ಶಸ್ತ್ರಕ್ರಿಯೆಗೆ ಮುಂಗಡ ಕೊಡಬೇಡಿ.

ಬರಿದೇ ತೆಗೆಯುವುದಲ್ಲದೆ ಬೇರೆ ದಾರಿ ಇದೆಯೇ?

ಇದೆ. ದೊಡ್ಡ ಇಂಪ್ಲಾಂಟ್ ತೆಗೆಯುವವರಿಗೆ ನಮ್ಮ ದೃಷ್ಟಿಯಲ್ಲಿ ಗಟ್ಟಿಯಾದ ದಾರಿ ಸ್ಲೈಡಿಂಗ್ ಜೀನಿಯೋಪ್ಲಾಸ್ಟಿ. ಗದ್ದದ ತುದಿಯ ನಿಮ್ಮದೇ ಎಲುಬನ್ನು ನರದ ತೂತಿನ ಕೆಳಗೆ ಅಡ್ಡಕ್ಕೆ ಕೊಯ್ದು, ಬೇಕಾದಷ್ಟು ಮಿಲಿಮೀಟರ್ ಮುಂದೆ ಸರಿಸಿ, ಟೈಟಾನಿಯಂ ಪ್ಲೇಟು ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. ಎಲುಬು ಕೂಡಿಕೊಂಡ ಮೇಲೆ ಜರುಗುವ, ಒಳಗೆ ಹುಗಿಯುವ ಮಾತಿಲ್ಲ, ಹಿಗ್ಗಿದ ಮಾಂಸಕ್ಕೂ ಆಧಾರ ಸಿಗುತ್ತದೆ. ಪೂರ್ಣ ಅರಿವಳಿಕೆ ಬೇಕು, ಜೋಮಿನ ಸಾಧ್ಯತೆ ಇಂಪ್ಲಾಂಟಿಗಿಂತ ಹೆಚ್ಚು, ಬಾವು ಹೆಚ್ಚು. ಹಳೆಯ ಸವೆತ ಆಳವಾಗಿದ್ದರೆ ಕೊಯ್ಯಲು ಸಾಕಷ್ಟು ಎಲುಬು ಉಂಟೇ ಎಂದು ಸಿಬಿಸಿಟಿ ನೋಡಿಯೇ ಹೇಳಬೇಕು.

ಸಣ್ಣ ಕೊರತೆಗೆ ಹೊಟ್ಟೆ ಅಥವಾ ತೊಡೆಯ ಕೊಬ್ಬು ತುಂಬಬಹುದು. ಅದರಲ್ಲಿ ಒಂದು ಪಾಲು ಕರಗಿಹೋಗುತ್ತದೆ, ಎರಡನೆಯ ಸಲ ಬೇಕಾಗಬಹುದು. ಹೊಸ ಇಂಪ್ಲಾಂಟ್ ಹಾಕುವುದಾದರೆ, ಸೋಂಕಿಲ್ಲದಿದ್ದರೆ ಅದೇ ದಿನ ಆಗುತ್ತದೆ. ಸೋಂಕಿದ್ದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು.

ಇನ್ನೊಂದು ಮಾತು ಸೇರಿಸಬೇಕು. ಹಲ್ಲು ಕೂಡದೆ, ಇಡೀ ಕೆಳದವಡೆಯೇ ಹಿಂದಿದ್ದು, ರಾತ್ರಿ ಗೊರಕೆ ಮತ್ತು ಉಸಿರುಕಟ್ಟುವಿಕೆ ಇದ್ದವರಿಗೆ ಗದ್ದದ ಇಂಪ್ಲಾಂಟ್ ಹಿಂದೆಯೂ ಮದ್ದಾಗಿರಲಿಲ್ಲ, ಮುಂದೆಯೂ ಆಗದು. ಅದು ಎಲುಬಿನ ಮುಂದೆ ಕೂರುವ ತುಂಡು, ಶ್ವಾಸದ ದಾರಿಯನ್ನು ಅಗಲಿಸುವುದಿಲ್ಲ. ಅಂಥವರು ದವಡೆ ಸರಿಪಡಿಸುವ ಶಸ್ತ್ರಕ್ರಿಯೆಯ ಬಗ್ಗೆ ಕೇಳಬೇಕು.

ಮನೆಗೆ ಬಂದ ಮೇಲೆ ಏನು ಮಾಡಬೇಕು, ಏನು ತಿನ್ನಬೇಕು?

ರಕ್ತ ಒಳಗೆ ತುಂಬಿಕೊಳ್ಳುವ ಭಯ ಮೊದಲ 24 ಗಂಟೆ. ಮಂಗಳೂರಿನಲ್ಲಿ ಶಸ್ತ್ರಕ್ರಿಯೆ ಆದರೆ ಮಂಜೇಶ್ವರದವರು ಸಂಜೆಗೆ ಮನೆ ಸೇರಬಹುದು. ಮುಳ್ಳೇರಿಯ, ವೆಳ್ಳರಿಕುಂಡು ಕಡೆಯವರು, ಅದರಲ್ಲೂ ಮಳೆಗಾಲದಲ್ಲಿ, ಆ ರಾತ್ರಿ ಮಂಗಳೂರಿನಲ್ಲೇ ಉಳಿಯುವುದು ಲೇಸು. ಒಂದು ಬದಿ ಬೇಗ ಬೇಗ ಊದಿ ಕಲ್ಲಿನಂತೆ ಬಿಗಿದರೆ ಕೂಡಲೇ ಹಿಂದಿರುಗಬೇಕು.

ಗದ್ದಕ್ಕೆ ಬಿಗಿಯಾಗಿ ಅಂಟಿಸಿದ ಟೇಪು ಅಲಂಕಾರಕ್ಕಲ್ಲ. ಖಾಲಿ ಜಾಗದಲ್ಲಿ ನೀರು ತುಂಬದಂತೆ, ಸ್ನಾಯು ಎಲುಬಿಗೆ ಅಂಟುವಂತೆ ಅದುಮಿ ಹಿಡಿಯುವ ಕೆಲಸ ಅದರದ್ದು. ಸೆಕೆಗೆ ತುರಿಸಿತೆಂದು ಎರಡನೆಯ ದಿನವೇ ಕೀಳಬೇಡಿ. 5-7 ದಿನ ಇರಲಿ. ಬಾವು ಎರಡು ಮೂರನೆಯ ದಿನ ಅತಿ ಹೆಚ್ಚು. ತಲೆ ಎತ್ತರಿಸಿ ಮಲಗಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ 10-15 ನಿಮಿಷ ಇಡಿ. ಜೋಮು ಇರುವ ಕಡೆ ನೇರ ಮಂಜುಗಡ್ಡೆ ಒತ್ತಿದರೆ ಚರ್ಮ ಸುಟ್ಟದ್ದೂ ತಿಳಿಯುವುದಿಲ್ಲ. ಬಿಸಿ ಕಾಪಿಯೂ ಹಾಗೆಯೇ, ತುಟಿ ಸುಡುತ್ತದೆ.

ಊಟದಲ್ಲಿ ಒಂದು ಸಣ್ಣ ಸಂಗತಿ. ಎಲ್ಲರೂ ಗಂಜಿ ಕುಡಿಯಿರಿ ಎನ್ನುತ್ತಾರೆ. ಗಾಯ ಬಾಯಿಯೊಳಗೆ ಇದ್ದರೆ ಕುಚ್ಚಲಕ್ಕಿಯ ಅಗುಳು ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡು ಕೊಳೆಯುತ್ತದೆ. ಮೊದಲ ನಾಲ್ಕೈದು ದಿನ ಅಗುಳನ್ನು ಸೌಟಿನಿಂದ ಚೆನ್ನಾಗಿ ಅರೆದು, ಸೋಸಿ, ಉಗುರುಬೆಚ್ಚಗೆ ಕುಡಿಯಿರಿ. ರಾಗಿ ಮಣ್ಣಿ, ಮಜ್ಜಿಗೆ, ಬೇಳೆಯ ತಿಳಿ, ಮೆತ್ತಗಿನ ಬಾಳೆಹಣ್ಣು ಒಳ್ಳೆಯದು. ಸ್ಟ್ರಾ ಬೇಡ, ಚೀಪುವಾಗ ಸ್ನಾಯು ಎಳೆಯುತ್ತದೆ. ಹಪ್ಪಳ, ಚಕ್ಕುಲಿ, ಮಿಡಿ ಉಪ್ಪಿನಕಾಯಿ ಮೂರು ವಾರ ದೂರ. ಪ್ರತಿ ಸಲ ತಿಂದ ಮೇಲೆ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಿ. ವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಮದ್ದು ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಮಾತ್ರ, ಹೆಚ್ಚಾದರೆ ಹಲ್ಲಿಗೆ ಕಂದು ಕಲೆ.

ಹೊರಗಿನ ಹೊಲಿಗೆ 5-7 ದಿನಕ್ಕೆ ಬಿಚ್ಚುತ್ತಾರೆ. ಗಾಯದ ಮೇಲೆ ಹತ್ತು ದಿನ ಕ್ಷೌರ ಬೇಡ. ಹೆಲ್ಮೆಟಿನ ಪಟ್ಟಿ ಸರಿಯಾಗಿ ಗಾಯದ ಮೇಲೆ ಬರುತ್ತದೆ, ಪಟ್ಟಿ ಸಡಿಲ ಬಿಟ್ಟು ಬೈಕ್ ಓಡಿಸುವುದಕ್ಕಿಂತ ಎರಡು ವಾರ ಬಸ್ಸಿನಲ್ಲಿ ಹೋಗಿ. ಯಕ್ಷಗಾನದ ವೇಷಧಾರಿಗಳು ಬಣ್ಣ, ಗಡ್ಡ ಕಟ್ಟುವುದು ಕನಿಷ್ಠ ಆರು ವಾರ ಮುಂದೂಡಿ. ಹಸಿ ಕಲೆಗೆ ಬಣ್ಣ ಇಳಿಯುವುದೂ ಕೆಟ್ಟದು, ಒರಸುವಾಗಿನ ತಿಕ್ಕಾಟ ಇನ್ನೂ ಕೆಟ್ಟದು. ಮೇಳದ ತಿರುಗಾಟ ಮುಗಿದ ಮಳೆಗಾಲಕ್ಕೆ ತಾರೀಕು ಹಿಡಿದರೆ ಅನುಕೂಲ.

ಆಸ್ಪತ್ರೆಯಲ್ಲಿ ಮಲಯಾಳ, ಕಾಗದ ಇಂಗ್ಲಿಷ್. ಕನ್ನಡ ಮಾತ್ರ ಬರುವವರು ಏನು ಮಾಡಬೇಕು?

ಗದ್ದದ ವಿಷಯದಲ್ಲಿ ಭಾಷೆ ನಿಜವಾಗಿಯೂ ಎಡವಿಸುತ್ತದೆ. ಕನ್ನಡದಲ್ಲಿ ಗಲ್ಲ ಎಂದರೆ ಕೆಲವರಿಗೆ ಕೆನ್ನೆ, ಕೆಲವರಿಗೆ ಗದ್ದ. ಮಲಯಾಳದಲ್ಲಿ "ತಾಡಿ" ಎಂದರೆ ಗದ್ದವೂ ಹೌದು, ಗಡ್ಡವೂ ಹೌದು. ದವಡೆ ಎಲುಬಿಗೆ "ತಾಡಿಯೆಲ್ಲ್", ಜೋಮಿಗೆ "ಮರವಿಪ್ಪ್", ಕೀವಿಗೆ "ಪಳುಪ್ಪ್". ಮಾತಿಗಿಂತ ಬೆರಳು ಇಟ್ಟು ತೋರಿಸುವುದೇ ಭದ್ರ.

ಒಪ್ಪಿಗೆ ಪತ್ರವನ್ನು ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ಉಪಕಾರ ಬೇಡಿದಂತೆ ಅಲ್ಲ. ಸಹಿ ಹಾಕುವ ಮೊದಲು ಆ ಕಾಗದದಲ್ಲಿ ಮೂರು ವಿಷಯ ಇವೆಯೇ ನೋಡಿ: ಯಾವ ದಾರಿಯಿಂದ ತೆಗೆಯುತ್ತಾರೆ, ಅದೇ ಹೊತ್ತಿಗೆ ಬೇರೇನಾದರೂ ಹಾಕುತ್ತಾರೆಯೇ, ಜೋಮು ಮತ್ತು ಜೋಲುವಿಕೆಯ ಸಾಧ್ಯತೆ ಬರೆದಿದೆಯೇ.

ವಿಮೆ ಸಿಗುತ್ತದೆಯೇ?

ಅಂದಕ್ಕಾಗಿ ಮಾಡುವ ಶಸ್ತ್ರಕ್ರಿಯೆ ಆರೋಗ್ಯ ವಿಮೆಯ ಹೊರಗೆ, ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್ 08 ಎಂದು ಇರುತ್ತದೆ. ಅದೇ ಕಲಮಿನಲ್ಲಿ ವಿನಾಯಿತಿಯೂ ಇದೆ: ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಮರುಜೋಡಣೆ, ಮತ್ತು ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ತೆಗೆಯಲು ಅಗತ್ಯವೆಂದು ವೈದ್ಯರು ಪ್ರಮಾಣೀಕರಿಸಿದ ಚಿಕಿತ್ಸೆ. ಆದ್ದರಿಂದ ಕೀವು ತುಂಬಿದ ಇಂಪ್ಲಾಂಟ್ ತೆಗೆಸಿದರೆ ಡಿಸ್ಚಾರ್ಜ್ ಕಾಗದದಲ್ಲಿ ಸೋಂಕು, ಕಲ್ಚರ್ ಫಲಿತಾಂಶ, ತೆಗೆಯದಿದ್ದರೆ ಇದ್ದ ಅಪಾಯ ಸ್ಪಷ್ಟವಾಗಿ ಬರೆಸಿಕೊಳ್ಳಿ. ಆದರೂ ಕಂಪನಿ ತಕರಾರು ತೆಗೆಯಬಹುದು, ಹಣ ಕೈಯಲ್ಲಿಟ್ಟುಕೊಂಡೇ ಹೋಗಿ. ಬರೀ ಅಂದಕ್ಕಾದರೆ ಬಿಲ್ಲಿಗೆ ಶೇ. 18 ಜಿಎಸ್‌ಟಿ ಸೇರುತ್ತದೆ, ಅಂದಾಜು ಕೇಳುವಾಗ ತೆರಿಗೆ ಸೇರಿಸಿಯೇ ಕೇಳಿ.

ಹಾಕಿಸಿದ ಕಡೆ ದಾಖಲೆ ಕೊಡುತ್ತಿಲ್ಲ. ತೆಗೆದ ಇಂಪ್ಲಾಂಟ್ ನಮಗೆ ಸಿಗುತ್ತದೆಯೇ?

ಭಾರತದಲ್ಲಿ 2002ರ ವೈದ್ಯಕೀಯ ನೀತಿ ನಿಯಮಗಳಂತೆ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಟ್ಟಿರಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತು ಬೇಡ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರು ವರ್ಷ ಕಳೆದಿದ್ದರೆ ಸಿಗುವುದು ಅದೃಷ್ಟ. ಗಲ್ಫಿನಲ್ಲಿ ಮಾಡಿಸಿಕೊಂಡವರು ವೀಸಾ ಮುಗಿಸಿ ಬರುವ ಮೊದಲೇ ಟಿಪ್ಪಣಿ ಮತ್ತು ಸ್ಟಿಕ್ಕರಿನ ಪ್ರತಿ ತೆಗೆದುಕೊಳ್ಳಿ, ಊರಿಗೆ ಬಂದ ಮೇಲೆ ತರಿಸುವುದು ಬಹಳ ಕಷ್ಟ.

ತೆಗೆದ ತುಂಡು ಆಸ್ಪತ್ರೆಯ ಕಸದ ನಿಯಮಗಳಂತೆ ವಿಲೇವಾರಿಯಾಗುತ್ತದೆ. ಬೇಕೆಂದಿದ್ದರೆ ಶಸ್ತ್ರಕ್ರಿಯೆಗೆ ಮೊದಲೇ ಬರೆದು ಕೊಡಿ. ಕೊಡಲು ಒಪ್ಪದಿದ್ದರೆ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಎರಡೂ ಮುಖದ ಫೋಟೋ ತೆಗೆದುಕೊಡಲು ಕೇಳಿ. ತುಂಡು ಪೂರ್ತಿ ಹೊರಬಂದಿದೆಯೇ, ಮುರಿದು ಒಳಗೆ ಏನಾದರೂ ಉಳಿದಿದೆಯೇ, ಸ್ಕ್ರೂ ಎಷ್ಟು ಬಿಚ್ಚಿದರು ಎಂಬುದನ್ನು ಡಿಸ್ಚಾರ್ಜ್ ಕಾಗದದಲ್ಲೇ ಬರೆಸಿ, ಆ ಕಾಗದವನ್ನು ಹಳೆಯ ಎಕ್ಸ್-ರೇಗಳ ಜೊತೆ ಒಂದೇ ಕವರಿನಲ್ಲಿ ಇಡಿ.